ಹಳೆಯ ಸ್ಪೋರ್ಟ್ಸ್ ಕಾರು ಒಂದೇ ಕಡೆ ಎಳೆಯುತ್ತಿದೆಯೇ? ಅಲೈನ್‌ಮೆಂಟ್‌ಗೆ ದುಡ್ಡು ಕೊಡುವ ಮೊದಲು ಇಷ್ಟು ನೋಡಿ

ಚೆನ್ನೈ: ಶುಕ್ರವಾರ ಸಂಜೆ ಪೋರೂರು ಜಂಕ್ಷನ್ ದಾಟಿ ಪೂನಮಲ್ಲಿ ಕಡೆಗೆ ಸಾಗುವ ವಾಹನಗಳ ಸಾಲಿನಲ್ಲಿ ಕೆಎ ನಂಬರ್ ಪ್ಲೇಟ್‌ಗಳು ಸಾಕಷ್ಟು ಕಾಣುತ್ತವೆ. ಇಲ್ಲಿನ ಐಟಿ ಪಾರ್ಕ್‌ಗಳಲ್ಲಿ ದುಡಿಯುವ ಕನ್ನಡಿಗರಿಗೆ ಊರಿಗೆ ಹೋಗುವ ದಾರಿ ಇದೇ. ಶ್ರೀಪೆರಂಬುದೂರು, ವೆಲ್ಲೂರು, ಕೃಷ್ಣಗಿರಿ, ಹೊಸೂರು ಹಾದು ಬೆಂಗಳೂರು. ಆ ಸಾಲಿನಲ್ಲಿ ಅಪರೂಪಕ್ಕೊಮ್ಮೆ ಇಪ್ಪತ್ತು ವರ್ಷ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರೂ ಇರುತ್ತದೆ. ನೋಡುವವರಿಗೆ ಅದೊಂದು ಕನಸು. ಓಡಿಸುವವರಿಗೆ ಮಾತ್ರ ಒಂದು ತಲೆನೋವು ಗೊತ್ತು: ಸ್ಟೀರಿಂಗ್ ಬಿಟ್ಟರೆ ಕಾರು ನೇರ ಹೋಗುವುದಿಲ್ಲ.

ಇಂಥ ಕಾರು ಕೊಂಡವರು ಮೊದಲು ಮಾಡುವುದು ಹತ್ತಿರದ ಟೈರ್ ಅಂಗಡಿಗೆ ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸುವುದು. ಪರದೆಯ ಮೇಲೆ ಕೆಂಪು ಅಂಕಿಗಳು ಹಸಿರಾಗುತ್ತವೆ, ಬಿಲ್ ಕೈಗೆ ಬರುತ್ತದೆ. ಎರಡು ವಾರಕ್ಕೆ ಕಾರು ಮತ್ತೆ ಎಳೆಯತೊಡಗುತ್ತದೆ. ಮತ್ತೊಮ್ಮೆ ಅಲೈನ್‌ಮೆಂಟ್, ಮತ್ತೊಂದು ಬಿಲ್.

ಇಲ್ಲಿ ತಪ್ಪು ಯಂತ್ರದ್ದಲ್ಲ. ಅಲೈನ್‌ಮೆಂಟ್ ಯಂತ್ರ ಕಾರು ನಿಂತಿರುವಾಗ ಚಕ್ರಗಳು ಯಾವ ಕೋನದಲ್ಲಿವೆ ಎಂದಷ್ಟೇ ಹೇಳಬಲ್ಲದು. ಆ ಚಕ್ರವನ್ನು ಹಿಡಿದಿರುವ ಬುಷ್ ಹರಿದಿದೆಯೇ, ಬಾಲ್ ಜಾಯಿಂಟ್ ಸಡಿಲವಾಗಿದೆಯೇ, ಸ್ಪ್ರಿಂಗ್ ಕುಸಿದಿದೆಯೇ ಎಂಬುದು ಅದಕ್ಕೆ ತಿಳಿಯದು. ಸಡಿಲವಾದ ಬಾಗಿಲಿಗೆ ಚಿಲಕ ಸರಿಮಾಡಿದಂತೆ ಆಗುತ್ತದೆ ಅಷ್ಟೇ. ಹಳೆಯ ಕಾರಿನಲ್ಲಿ ಅಲೈನ್‌ಮೆಂಟ್ ಕೊನೆಯ ಕೆಲಸವಾಗಬೇಕು, ಮೊದಲನೆಯದಲ್ಲ.

ಇದು ದುಡ್ಡಿನ ವಿಚಾರ ಮಾತ್ರವಲ್ಲ. ಸ್ಪೋರ್ಟ್ಸ್ ಕಾರುಗಳ ಅಗಲದ ಟೈರು ಸಾಮಾನ್ಯವಾಗಿ ಒಳಅಂಚಿನಲ್ಲಿ ಮೊದಲು ಸವೆಯುತ್ತದೆ. ಹೊರಗಿನಿಂದ ನೋಡಿದರೆ ಟೈರು ಹೊಸದರಂತೆ ಕಾಣುತ್ತದೆ, ಒಳಗೆ ಮಾತ್ರ ದಾರ ಕಾಣುವಷ್ಟು ತೆಳ್ಳಗಾಗಿರುತ್ತದೆ. ಏಪ್ರಿಲ್‌ನ ಬಿಸಿಲಿನಲ್ಲಿ, ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ಅದು ಸಿಡಿದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ.

ಹಳೆಯ ಸ್ಪೋರ್ಟ್ಸ್ ಕಾರಿಗೇ ಯಾಕೆ ಈ ತೊಂದರೆ?

ಸಾಮಾನ್ಯ ಹ್ಯಾಚ್‌ಬ್ಯಾಕ್‌ನಲ್ಲಿ ಹಿಂದಿನ ಚಕ್ರಗಳನ್ನು ಒಂದು ಗಟ್ಟಿ ಬೀಮ್ ಹಿಡಿದಿರುತ್ತದೆ. ಅಲ್ಲಿ ಹೊಂದಿಸುವುದಕ್ಕೂ ಕೆಡುವುದಕ್ಕೂ ಹೆಚ್ಚೇನಿಲ್ಲ. ಸ್ಪೋರ್ಟ್ಸ್ ಕಾರುಗಳದ್ದು ಬೇರೆ ಕಥೆ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5ನ ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇದೆ. 1996ರ ಪೋರ್ಷೆ ಬಾಕ್ಸ್‌ಸ್ಟರ್‌ಗೆ ಮುಂದೆಯೂ ಹಿಂದೆಯೂ ಮ್ಯಾಕ್‌ಫರ್ಸನ್ ಸ್ಟ್ರಟ್. ಅಂದರೆ ಪ್ರತಿ ಚಕ್ರವೂ ಸ್ವತಂತ್ರ, ಪ್ರತಿ ಚಕ್ರಕ್ಕೂ ಹಲವು ತೋಳುಗಳು, ಪ್ರತಿ ತೋಳಿನ ತುದಿಯಲ್ಲೂ ರಬ್ಬರ್ ಬುಷ್ ಅಥವಾ ಬಾಲ್ ಜಾಯಿಂಟ್. ಹತ್ತು ಕಡೆ ಅರ್ಧರ್ಧ ಮಿಲಿಮೀಟರ್ ಸಡಿಲವಾದರೆ ಸಾಕು, ಒಟ್ಟು ಲೆಕ್ಕ ಕೈತಪ್ಪುತ್ತದೆ.

ರಬ್ಬರ್‌ಗೆ ಇನ್ನೊಂದು ಗುಣವಿದೆ. ಅದು ಕಿಲೋಮೀಟರ್ ಲೆಕ್ಕದಲ್ಲಿ ಮಾತ್ರವಲ್ಲ, ವರ್ಷದ ಲೆಕ್ಕದಲ್ಲೂ ಮುಪ್ಪಾಗುತ್ತದೆ. "20 ವರ್ಷದಲ್ಲಿ ಬರೀ 30 ಸಾವಿರ ಕಿ.ಮೀ. ಓಡಿದೆ ಸಾರ್" ಎಂಬ ಮಾತು ಕೇಳಿ ಖುಷಿಪಡಬೇಡಿ. ಗ್ಯಾರೇಜಿನಲ್ಲಿ ನಿಂತೇ ಇದ್ದ ಕಾರಿನ ಬುಷ್‌ಗಳು ಓಡಿದ ಕಾರಿನದಕ್ಕಿಂತ ಕೆಟ್ಟ ಸ್ಥಿತಿಯಲ್ಲಿರುವುದೂ ಉಂಟು. ಟೈರಿಗೂ ಇದೇ ಮಾತು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಅಂಥ ಟೈರು ಎಷ್ಟೇ ದಪ್ಪವಿದ್ದರೂ ಅದನ್ನು ನಂಬಿ ಅಲೈನ್‌ಮೆಂಟ್ ಮಾಡಿಸುವುದು ವ್ಯರ್ಥ.

ಇದರ ಮೇಲೆ ಪೋರೂರಿನ ರಸ್ತೆ. ಲೈಟ್‌ಹೌಸ್‌ನಿಂದ ಪೂನಮಲ್ಲಿಗೆ ಹೋಗುವ ಮೆಟ್ರೋ ಮಾರ್ಗದ ಕಾಮಗಾರಿ ಶುರುವಾದ ಮೇಲೆ ಆರ್ಕಾಟ್ ರಸ್ತೆ ಮತ್ತು ಮೌಂಟ್-ಪೂನಮಲ್ಲಿ ರಸ್ತೆಗಳಲ್ಲಿ ಅಗೆತ, ತಿರುವು, ತೇಪೆ ಎಲ್ಲವನ್ನೂ ಜನ ಕಂಡಿದ್ದಾರೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ. ಬೆಂಗಳೂರಿನವರಿಗೆ ಇದನ್ನು ಬೇರೆ ಹೇಳಬೇಕಿಲ್ಲ ಬಿಡಿ! ತೆಳು ಬದಿಯ ಟೈರು, ಅಲಾಯ್ ರಿಮ್ ಇರುವ ಕಾರು ಒಂದೇ ಗುಂಡಿಗೆ ಬಿದ್ದರೂ ರಿಮ್ ಬಾಗಬಹುದು, ಟೈ ರಾಡ್ ಬಾಗಬಹುದು.

ಮೂರು ಕೋನಗಳು: ಟೋ, ಕ್ಯಾಂಬರ್, ಕ್ಯಾಸ್ಟರ್

ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕೆ ತಿರುಗಿದ್ದರೆ ಟೋ-ಔಟ್. ನಮ್ಮ ಪಾದಗಳನ್ನು ಒಳಮುಖ, ಹೊರಮುಖ ಇಟ್ಟು ನಿಂತಂತೆ. ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ನೆಗೆಟಿವ್ ಕ್ಯಾಂಬರ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್. ಬದಿಯಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಒರಗಿರುವ ಪ್ರಮಾಣವೇ ಕ್ಯಾಸ್ಟರ್. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರವಾಗುವುದಕ್ಕೆ ಮುಖ್ಯ ಕಾರಣ ಈ ಕ್ಯಾಸ್ಟರ್. ಸೈಕಲ್‌ನ ಮುಂದಿನ ಫೋರ್ಕ್ ಹಿಂದಕ್ಕೆ ಓರೆಯಾಗಿರುವುದನ್ನು ನೆನಪಿಸಿಕೊಳ್ಳಿ.

ಮೂರರಲ್ಲಿ ಟೈರನ್ನು ಬೇಗ ತಿನ್ನುವುದು ಟೋ. ಒಂದು ಲೆಕ್ಕ ನೋಡಿ. 15 ಇಂಚಿನ ರಿಮ್ ಎಂದರೆ 381 ಮಿ.ಮೀ. ಒಂದು ಚಕ್ರದ ಟೋ 1.5 ಮಿ.ಮೀ. ತಪ್ಪಿದ್ದರೆ, ಪ್ರತಿ ಕಿಲೋಮೀಟರ್‌ಗೆ ಆ ಟೈರು ಸುಮಾರು 3.9 ಮೀಟರ್ ಅಡ್ಡಕ್ಕೆ ಉಜ್ಜಿದಂತೆ. ಪೋರೂರಿನಿಂದ ಬೆಂಗಳೂರಿಗೆ ಸುಮಾರು 330 ಕಿ.ಮೀ. ಎಂದುಕೊಂಡರೆ ಊರು ತಲುಪುವಷ್ಟರಲ್ಲಿ ಟೈರನ್ನು 1.3 ಕಿ.ಮೀ. ಅಡ್ಡಡ್ಡ ಎಳೆದುಕೊಂಡು ಹೋದಂತಾಯಿತು. ಕಣ್ಣಿಗೆ ಕಾಣದ ಒಂದೂವರೆ ಮಿಲಿಮೀಟರ್‌ನ ಫಲ ಇದು.

ಆದರೆ ಗಮನಿಸಿ, ಮುಂದಿನ ಚಕ್ರಗಳ ಟೋ ತಪ್ಪಿದರೆ ಕಾರು ಒಂದು ಕಡೆ ಎಳೆಯುವುದಿಲ್ಲ. ಎರಡೂ ಚಕ್ರಗಳು ತಪ್ಪನ್ನು ಸಮನಾಗಿ ಹಂಚಿಕೊಂಡು ನೇರ ಹೋಗುತ್ತವೆ, ಸ್ಟೀರಿಂಗ್ ಮಾತ್ರ ಸೊಟ್ಟಗಿರುತ್ತದೆ. ಎಳೆತಕ್ಕೆ ಕಾರಣ ಸಾಮಾನ್ಯವಾಗಿ ಕ್ಯಾಂಬರ್ ಅಥವಾ ಕ್ಯಾಸ್ಟರ್‌ನಲ್ಲಿ ಎಡಬಲಗಳ ನಡುವೆ ಇರುವ ವ್ಯತ್ಯಾಸ. ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ ಕಡೆಗೆ ಕಾರು ಎಳೆಯುತ್ತದೆ, ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. "ಕಾರು ಎಳೆಯುತ್ತಿದೆ" ಎಂದು ಹೋದವರಿಗೆ ಬರೀ ಮುಂದಿನ ಟೋ ಹೊಂದಿಸಿ ಕಳಿಸಿದರೆ ತೊಂದರೆ ಯಾಕೆ ಹೋಗುವುದಿಲ್ಲ ಎಂಬುದು ಈಗ ಅರ್ಥವಾಗಿರಬೇಕು.

ಮೊದಲು ಟೈರನ್ನು ಓದಿ

ಕಾರನ್ನು ಎಲ್ಲಿಗೂ ಒಯ್ಯುವ ಮೊದಲು ಟಾರ್ಚ್ ಹಿಡಿದು ಕೂತು ನಾಲ್ಕೂ ಟೈರುಗಳನ್ನು ನೋಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರಿನ ಒಳಅಂಚು ಕಾಣುತ್ತದೆ. ಹಿಂದಿನದಕ್ಕೆ ನೆಲಕ್ಕೆ ಬಗ್ಗಲೇಬೇಕು, ಸೋಮಾರಿತನ ಬೇಡ.

ಮಧ್ಯಭಾಗ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಇದಕ್ಕೂ ಸಸ್ಪೆನ್ಷನ್‌ಗೂ ಸಂಬಂಧವಿಲ್ಲ. ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರ್ ಮೇಲೆ ಅನುಮಾನ ಪಡಿ. ಇನ್ನು ಅಂಗೈಯನ್ನು ಟ್ರೆಡ್ ಮೇಲೆ ಅಡ್ಡಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಅದು ಟೋ ದೋಷ. ಒಳಗಿನಿಂದ ಹೊರಕ್ಕೆ ಸವರುವಾಗ ಚುಚ್ಚಿದರೆ ಟೋ-ಇನ್ ಹೆಚ್ಚಾಗಿದೆ, ಹೊರಗಿನಿಂದ ಒಳಕ್ಕೆ ಸವರುವಾಗ ಚುಚ್ಚಿದರೆ ಟೋ-ಔಟ್. ಕಣ್ಣಿಗಿಂತ ಅಂಗೈ ಇದನ್ನು ಬೇಗ ಹಿಡಿಯುತ್ತದೆ. ಟೈರಿನ ಸುತ್ತ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಚಕ್ರ ನೆಲದ ಮೇಲೆ ಕುಣಿಯುತ್ತಿದೆ ಎಂದರ್ಥ. ಶಾಕ್ ಅಬ್ಸಾರ್ಬರ್ ಸತ್ತಿದೆ ಅಥವಾ ಬ್ಯಾಲೆನ್ಸಿಂಗ್ ತಪ್ಪಿದೆ.

ಆಮೇಲೆ ಒಂದು ಟೇಪ್ ಹಿಡಿದು ಪ್ರತಿ ಚಕ್ರದ ನಡುಬಿಂದುವಿನಿಂದ ಅದರ ಮೇಲಿನ ಫೆಂಡರ್ ಅಂಚಿನವರೆಗಿನ ಎತ್ತರ ಅಳೆಯಿರಿ. ಎಡಬಲಗಳಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಕುಸಿದಿದೆ ಅಥವಾ ಮುರಿದಿದೆ. ಸ್ಪ್ರಿಂಗ್‌ನ ಕೊನೆಯ ಸುತ್ತು ಮುರಿದು ಬಿದ್ದಿದ್ದರೂ ಕಾರು ಓಡುತ್ತಲೇ ಇರುತ್ತದೆ, ಮಾಲೀಕರಿಗೆ ಗೊತ್ತೇ ಆಗುವುದಿಲ್ಲ. ಎತ್ತರ ಬದಲಾದರೆ ಕ್ಯಾಂಬರ್ ಬದಲಾಗುತ್ತದೆ, ಟೋ ಕೂಡ. ಕುಸಿದ ಸ್ಪ್ರಿಂಗ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿ ಪ್ರಯೋಜನವಿಲ್ಲ.

ರಸ್ತೆಯಲ್ಲಿ ಪರೀಕ್ಷೆ

ಟೈರಿನ ಗಾಳಿ ಸರಿ ಮಾಡಿಕೊಂಡು ಮುಂಜಾನೆ ವಾಹನ ಕಡಿಮೆ ಇರುವ ರಸ್ತೆಗೆ ಹೋಗಿ. ನಮ್ಮ ರಸ್ತೆಗಳು ನೀರು ಹರಿಯಲೆಂದು ಎಡಕ್ಕೆ ಇಳಿಜಾರಾಗಿರುತ್ತವೆ. ಹಾಗಾಗಿ ಎಡಗಡೆ ಲೇನ್‌ನಲ್ಲಿ ಯಾವ ಕಾರಾದರೂ ಸ್ವಲ್ಪ ಎಡಕ್ಕೆ ಸರಿಯುವುದು ಸಹಜ. ಹೆದ್ದಾರಿಯ ಬಲಗಡೆ ಲೇನ್‌ನಲ್ಲಿ, ಹಿಂದೆ ಯಾರೂ ಇಲ್ಲದಾಗ, ಇನ್ನೊಮ್ಮೆ ನೋಡಿ. ಅಲ್ಲೂ ಅಷ್ಟೇ ಜೋರಾಗಿ ಎಳೆದರೆ ಮಾತ್ರ ಅದು ದೋಷ.

ಎಳೆತ ಖಚಿತವಾದರೆ ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿ ಮತ್ತೆ ಓಡಿಸಿ. ಎಳೆತ ದಿಕ್ಕು ಬದಲಿಸಿದರೆ ತೊಂದರೆ ಟೈರಿನದ್ದು, ಸಸ್ಪೆನ್ಷನ್‌ನದ್ದಲ್ಲ. ರೇಡಿಯಲ್ ಟೈರಿನ ಒಳಪದರ ಒಂದು ಬದಿಗೆ ಸರಿದು ಕೂತಿದ್ದರೆ ಹೀಗಾಗುತ್ತದೆ, ಯಾವ ಅಲೈನ್‌ಮೆಂಟ್ ಯಂತ್ರವೂ ಅದನ್ನು ತೋರಿಸುವುದಿಲ್ಲ. ಟೈರಿನ ಮೇಲೆ ಉರುಳುವ ದಿಕ್ಕಿನ ಬಾಣವಿದ್ದರೆ ಈ ಅದಲುಬದಲು ಪರೀಕ್ಷೆಗಷ್ಟೇ, ಅದೂ ಒಣ ರಸ್ತೆಯಲ್ಲಿ, ನಿಧಾನವಾಗಿ. ಹಣ ಖರ್ಚಿಲ್ಲದ ಈ ಅರ್ಧ ಗಂಟೆಯ ಕೆಲಸವನ್ನು ಬಹುತೇಕರು ಮಾಡುವುದೇ ಇಲ್ಲ.

ಎಂಟು ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಪ್ರತಿ ಚಕ್ರದ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಕಾದ ಹೆಂಚಿನಂತಿದ್ದರೆ ಆ ಕಡೆಯ ಬ್ರೇಕ್ ಕ್ಯಾಲಿಪರ್ ಹಿಡಿದುಕೊಂಡಿದೆ. ಬಹಳ ದಿನ ನಿಂತ ಕಾರುಗಳಲ್ಲಿ ಇದು ಮಾಮೂಲಿ.

ಬ್ರೇಕ್ ಒತ್ತಿದಾಗ ಒಂದು ಕಡೆ, ಆಕ್ಸಿಲರೇಟರ್ ಒತ್ತಿದಾಗ ಇನ್ನೊಂದು ಕಡೆ ಕಾರು ಮೂಗು ತಿರುಗಿಸಿದರೆ ಕೆಳಗಿನ ಕಂಟ್ರೋಲ್ ಆರ್ಮ್‌ನ ಬುಷ್ ಹರಿದಿರುವ ಸಾಧ್ಯತೆ ಹೆಚ್ಚು. ಚಕ್ರ ಹಿಂದೆ ಮುಂದೆ ಸರಿಯುತ್ತಿದೆ, ಅದರ ಜೊತೆಗೆ ಟೋ ಮತ್ತು ಕ್ಯಾಸ್ಟರ್ ಕ್ಷಣಕ್ಷಣಕ್ಕೂ ಬದಲಾಗುತ್ತಿವೆ. ಸ್ಟೀರಿಂಗ್ ಸೊಟ್ಟ ಹಿಡಿದಾಗ ಮಾತ್ರ ಕಾರು ನೇರ ಹೋಗುತ್ತದೆ, ಹಿಂದಿನಿಂದ ಬರುವವರಿಗೆ ಕಾರು ನಾಯಿ ಓಡಿದಂತೆ ಓರೆಯಾಗಿ ಕಾಣುತ್ತದೆ ಎಂದಾದರೆ ತಪ್ಪು ಹಿಂದಿನ ಚಕ್ರಗಳಲ್ಲಿದೆ. ಮುಂದಿನದನ್ನು ಎಷ್ಟು ತಿರುಗಿಸಿದರೂ ಇದು ಸರಿಹೋಗದು.

80ರಿಂದ 100 ಕಿ.ಮೀ. ವೇಗದ ನಡುವೆ ಮಾತ್ರ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ಅಥವಾ ಬಾಗಿದ ರಿಮ್ ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್.

ಸದ್ದು ಹೇಳುವ ಗುಟ್ಟು

ಸಣ್ಣ ಉಬ್ಬುತಗ್ಗುಗಳಲ್ಲಿ ಟಕಟಕ ಎಂದರೆ ಆಂಟಿ ರೋಲ್ ಬಾರ್‌ನ ಲಿಂಕ್ ಅಥವಾ ಅದರ ಬುಷ್. ಅಗ್ಗದ ಭಾಗ, ಸುಲಭದ ಕೆಲಸ. ಬ್ರೇಕ್ ಹಿಡಿದಾಗ ಒಂದೇ ಸಲ "ದಡ್" ಎಂದರೆ ಕಂಟ್ರೋಲ್ ಆರ್ಮ್ ಬುಷ್ ಅಥವಾ ಬಾಲ್ ಜಾಯಿಂಟ್, ಇದನ್ನು ಮುಂದೂಡಬೇಡಿ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಮೀಟಿದಂತೆ ಸದ್ದು ಬಂದರೆ ಸ್ಟ್ರಟ್‌ನ ಮೇಲ್ತುದಿಯ ಮೌಂಟ್ ಹೋಗಿದೆ. ವೇಗ ಹೆಚ್ಚಿದಂತೆ ಏರುವ ಗುಂಯ್ ಸದ್ದು ಬಲಕ್ಕೆ ತಿರುಗಿದಾಗ ಜೋರಾದರೆ ಎಡಗಡೆಯ ವೀಲ್ ಬೇರಿಂಗ್, ಎಡಕ್ಕೆ ತಿರುಗಿದಾಗ ಜೋರಾದರೆ ಬಲಗಡೆಯದು. ತಿರುವಿನಲ್ಲಿ ಭಾರ ಹೊರಗಿನ ಚಕ್ರಕ್ಕೆ ಬೀಳುವುದೇ ಕಾರಣ.

ಕಾರಿನ ಮೂಲೆ ಒತ್ತಿ ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಹಳೆಯ ಪದ್ಧತಿ ಎಲ್ಲರಿಗೂ ಗೊತ್ತು. ಗಡುಸು ಸ್ಪ್ರಿಂಗ್‌ನ ಸ್ಪೋರ್ಟ್ಸ್ ಕಾರಿನಲ್ಲಿ ಅದನ್ನು ನಂಬಬೇಡಿ. ಅರ್ಧ ಸತ್ತ ಶಾಕ್ ಅಬ್ಸಾರ್ಬರ್ ಕೂಡ ಅದರಲ್ಲಿ ಪಾಸಾಗಿಬಿಡುತ್ತದೆ. ಎಣ್ಣೆ ಸೋರಿದ ಗುರುತು, ಟೈರಿನ ತಗ್ಗುಗಳು ಇದಕ್ಕಿಂತ ಒಳ್ಳೆಯ ಸಾಕ್ಷಿ.

ಜಾಕ್ ಹಾಕಿ ಅಲುಗಾಡಿಸಿ

ಜಾಕ್ ಮೇಲಷ್ಟೇ ನಿಂತ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ, ಸ್ಟ್ಯಾಂಡ್ ಕಡ್ಡಾಯ. ಮುಂದಿನ ಒಂದು ಚಕ್ರ ಎತ್ತಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಸಡಿಲ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎರಡರಲ್ಲಿ ಯಾವುದು ಎಂದು ತಿಳಿಯಲು ಜೊತೆಗಿದ್ದವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಸಡಿಲ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್. 9 ಮತ್ತು 3ರ ಜಾಗದಲ್ಲಿ ಮಾತ್ರ ಅಲುಗಿದರೆ ಟೈ ರಾಡ್ ತುದಿ ಅಥವಾ ಸ್ಟೀರಿಂಗ್ ರ‍್ಯಾಕ್.

ಇಲ್ಲಿ ಮೆಕ್ಯಾನಿಕ್‌ಗಳೂ ಎಡವುವ ಒಂದು ಸೂಕ್ಷ್ಮವಿದೆ. ಸ್ಪ್ರಿಂಗ್ ಕೆಳಗಿನ ತೋಳಿನ ಮೇಲೆ ಕೂತಿರುವ ಕಾರಿನಲ್ಲಿ ಜಾಕ್ ಅನ್ನು ಆ ತೋಳಿನ ಕೆಳಗೇ ಇಡಬೇಕು. ಚಾಸಿಸ್ ಕೆಳಗೆ ಇಟ್ಟರೆ ಸ್ಪ್ರಿಂಗ್ ತೋಳನ್ನು ಕೆಳಕ್ಕೆ ತಳ್ಳಿ ಬಾಲ್ ಜಾಯಿಂಟ್ ಅನ್ನು ಬಿಗಿಯಾಗಿ ಹಿಡಿದಿರುತ್ತದೆ, ಸಡಿಲ ಇದ್ದರೂ ಕಾಣುವುದಿಲ್ಲ. ಮ್ಯಾಕ್‌ಫರ್ಸನ್ ಸ್ಟ್ರಟ್ ಕಾರಿನಲ್ಲಿ ಇದಕ್ಕೆ ತದ್ವಿರುದ್ಧ, ಚಕ್ರವನ್ನು ತೂಗಾಡಲು ಬಿಟ್ಟೇ ನೋಡಬೇಕು. ಬುಷ್‌ಗಳನ್ನು ಪರೀಕ್ಷಿಸಲು ಸನ್ನೆಗೋಲು ಹಾಕಿ ಮೆಲ್ಲಗೆ ಮೀಟಿ. ರಬ್ಬರ್ ಲೋಹದಿಂದ ಬಿಟ್ಟಿದೆಯೇ, ಸೀಳಿದೆಯೇ ಎಂಬುದು ಆಗ ತಿಳಿಯುತ್ತದೆ. ಮೇಲ್ಮೈಯ ಸಣ್ಣ ಬಿರುಕಿಗೆ ಹೆದರಬೇಕಿಲ್ಲ.

ಚೆನ್ನೈಯಲ್ಲೇ ಹುಟ್ಟಿದ ಪಾಠ: ಹೆರಾಲ್ಡ್

ಪೋರೂರಿನಿಂದ ಬೈಪಾಸ್ ಹಿಡಿದು ದಕ್ಷಿಣಕ್ಕೆ, ತಾಂಬರಂ ಆಚೆಗೆ ಹೋದರೆ ವಂಡಲೂರು. ಈಗ ಎಲ್ಲರಿಗೂ ಅದು ಮೃಗಾಲಯದ ಊರು. ಒಂದು ಕಾಲಕ್ಕೆ ಅಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿಯ ಕಾರ್ಖಾನೆ ಇತ್ತು. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಕಾರು 1960ರ ದಶಕದಲ್ಲಿ ಅಲ್ಲಿಂದಲೇ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ಹೊರಬಂತು. ಬೆಂಗಳೂರು, ಮೈಸೂರಿನ ಹಳೆಯ ಕುಟುಂಬಗಳ ಆಲ್ಬಂಗಳಲ್ಲಿ ಈ ಪುಟ್ಟ ಎರಡು ಬಾಗಿಲಿನ ಕಾರಿನ ಫೋಟೋ ಈಗಲೂ ಸಿಗಬಹುದು.

ಹೆರಾಲ್ಡ್ ಸ್ಪೋರ್ಟ್ಸ್ ಕಾರಲ್ಲ. ಆದರೆ ಅದರ ಚಾಸಿಸ್ ಮತ್ತು ಸಸ್ಪೆನ್ಷನ್ ಆಧಾರದ ಮೇಲೇ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಜನಪ್ರಿಯ ಸ್ಪೋರ್ಟ್ಸ್ ಕಾರು ಬಂತು. ಎರಡನ್ನೂ ವಿನ್ಯಾಸ ಮಾಡಿದ್ದು ಇಟಲಿಯ ಜಿಯೊವಾನಿ ಮಿಚೆಲೊಟ್ಟಿ. ಹೀಗಾಗಿ ಹೆರಾಲ್ಡ್ ಇಟ್ಟುಕೊಂಡ ಚೆನ್ನೈ, ಬೆಂಗಳೂರಿನ ಹವ್ಯಾಸಿಗಳಿಗೂ ಸ್ಪಿಟ್‌ಫೈರ್ ಇಟ್ಟುಕೊಂಡ ಬ್ರಿಟನ್ನಿನ ಹವ್ಯಾಸಿಗಳಿಗೂ ಬರುವ ಕಾಯಿಲೆಗಳು ಒಂದೇ.

ಮೊದಲನೆಯದು ಮುಂದಿನ ಚಕ್ರದ ಟ್ರನಿಯನ್. ಚಕ್ರವನ್ನು ಹಿಡಿದಿರುವ ಕಂಬದ ಕೆಳತುದಿಯಲ್ಲಿ ಮರೆ ಕೊರೆದು ಅದನ್ನು ಒಂದು ಹಿತ್ತಾಳೆ ಬಣ್ಣದ ಲೋಹದ ತುಂಡಿನೊಳಗೆ ಕೂರಿಸಿದ್ದಾರೆ. ಸ್ಟೀರಿಂಗ್ ತಿರುಗಿಸಿದಾಗ ಆ ಮರೆಯೇ ತಿರುಗುತ್ತದೆ. ಇದಕ್ಕೆ ಕಂಪನಿ ಹೇಳಿದ್ದು ಗೇರ್ ಎಣ್ಣೆ. ಗ್ಯಾರೇಜುಗಳಲ್ಲಿ ಹಾಕುತ್ತಾ ಬಂದದ್ದು ಗ್ರೀಸ್. ಗ್ರೀಸ್ ಒಣಗಿ ಗಟ್ಟಿಯಾದರೆ ಹೊಸ ಎಣ್ಣೆ ಒಳಗೆ ಹೋಗುವುದಿಲ್ಲ, ನೀರು ಸೇರಿದರೆ ತುಕ್ಕು ಹಿಡಿಯುತ್ತದೆ. ಕೊನೆಗೆ ಕಂಬವೇ ಮರೆಯ ಜಾಗದಲ್ಲಿ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಮುನ್ಸೂಚನೆ ಏನೆಂದರೆ ಸ್ಟೀರಿಂಗ್ ಬಿಗಿಯಾಗುತ್ತದೆ, ತಿರುವಿನ ನಂತರ ತಾನಾಗಿ ನೇರವಾಗುವುದಿಲ್ಲ. ಇದನ್ನು "ಕ್ಯಾಸ್ಟರ್ ಪ್ರಾಬ್ಲಂ" ಎಂದು ಅಲೈನ್‌ಮೆಂಟ್‌ಗೆ ಕಳಿಸಿದರೆ ಅನಾಹುತವನ್ನು ಮುಂದೂಡಿದಂತೆ ಅಷ್ಟೇ. ಹೆರಾಲ್ಡ್ ಕೊಳ್ಳುವವರು ಬೇರೇನೂ ನೋಡದಿದ್ದರೂ ಇದನ್ನು ಬಿಚ್ಚಿಸಿ ನೋಡಬೇಕು.

ಎರಡನೆಯದು ಹಿಂದಿನ ಸ್ವಿಂಗ್ ಆ್ಯಕ್ಸಲ್. ಇದರಲ್ಲಿ ಹಿಂದಿನ ಚಕ್ರ ಮೇಲೆ ಕೆಳಗೆ ಹೋದಂತೆ ಕ್ಯಾಂಬರ್ ವಿಪರೀತ ಬದಲಾಗುತ್ತದೆ. ವೇಗವಾಗಿ ತಿರುವಿನಲ್ಲಿ ಹೋಗುತ್ತಾ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಮೇಲೆದ್ದು ಹೊರಗಿನ ಚಕ್ರ ಕಾರಿನ ಕೆಳಕ್ಕೆ ಮಡಚಿದಂತಾಗುತ್ತದೆ, ಹಿಂಭಾಗ ಜಾರುತ್ತದೆ. ಅಮೆರಿಕದಲ್ಲಿ ಷೆವ್ರೊಲೆ ಕಾರ್ವೇರ್ ಕಾರಿನ ಮೊದಲ ಮಾದರಿಗಳಿಗೂ ಸ್ವಿಂಗ್ ಆ್ಯಕ್ಸಲ್ ಇತ್ತು. ರಾಲ್ಫ್ ನೇಡರ್ 1965ರಲ್ಲಿ ಬರೆದ "ಅನ್‌ಸೇಫ್ ಅಟ್ ಎನಿ ಸ್ಪೀಡ್" ಪುಸ್ತಕದ ಮೊದಲ ಅಧ್ಯಾಯ ಆ ಕಾರಿನ ಬಗ್ಗೆಯೇ. ಕಾರ್ವೇರ್‌ಗೆ ಕಂಪನಿ ಹೇಳಿದ್ದ ಗಾಳಿ ಮುಂದೆ 15 ಪಿಎಸ್‌ಐ, ಹಿಂದೆ 26 ಪಿಎಸ್‌ಐ. ನಾಲ್ಕೂ ಟೈರಿಗೆ ಒಂದೇ ಸಮ ಗಾಳಿ ತುಂಬಿಸುವುದು ನಮ್ಮಲ್ಲೂ ಇರುವ ಅಭ್ಯಾಸ. ಅಂಥ ಕಾರಿನಲ್ಲಿ ಅದು ಹ್ಯಾಂಡ್ಲಿಂಗ್ ಅನ್ನೇ ಬದಲಿಸಿಬಿಡುತ್ತದೆ.

ಸ್ಪಿಟ್‌ಫೈರ್‌ಗೆ 1970ರ ಕೊನೆಗೆ ಬಂದ ನಾಲ್ಕನೇ ಮಾದರಿಯಲ್ಲಿ ಹಿಂದಿನ ಲೀಫ್ ಸ್ಪ್ರಿಂಗ್ ಕೂರಿಸುವ ರೀತಿ ಬದಲಿಸಿ ಈ ದೋಷ ತಗ್ಗಿಸಿದರು. ವಂಡಲೂರಿನವರು ಇನ್ನೂ ಸರಳ ದಾರಿ ಹಿಡಿದರು. 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗಜೆಲ್‌ನಲ್ಲಿ ಸ್ವಿಂಗ್ ಆ್ಯಕ್ಸಲ್ ಕೈಬಿಟ್ಟು ಮಾಮೂಲಿ ಗಟ್ಟಿ ಆ್ಯಕ್ಸಲ್ ಹಾಕಿದರು. ಇಲ್ಲಿನ ಮಾಲೀಕರಿಗೂ ಮೆಕ್ಯಾನಿಕ್‌ಗಳಿಗೂ ಹಳೆಯದು ಹಿಡಿಸಿರಲಿಲ್ಲ. ನಮ್ಮ ರಸ್ತೆಗೆ ಅದೇ ಸರಿ ಎನ್ನಬೇಕು.

ಹೆರಾಲ್ಡ್‌ನ ಹಿಂದಿನ ಚಕ್ರಗಳು ಕಾಲು ಅಗಲಿಸಿ ನಿಂತಂತೆ ಕಂಡರೆ ಅಲ್ಲಿ ತಿರುಗಿಸಲು ಯಾವ ಬೋಲ್ಟೂ ಇಲ್ಲ. ಲೀಫ್ ಸ್ಪ್ರಿಂಗ್ ಕುಸಿದಿದೆ, ಅದನ್ನೇ ಸರಿ ಮಾಡಬೇಕು. ಮುಂದಿನ ಕ್ಯಾಂಬರ್ ಹೊಂದಿಸುವುದು ಕೆಳಗಿನ ವಿಶ್‌ಬೋನ್‌ನ ಬ್ರಾಕೆಟ್ ಹಿಂದೆ ಇಡುವ ತೆಳು ಶಿಮ್‌ಗಳಿಂದ. ಹಿಂದಿನ ಟೋಗೂ ಶಿಮ್‌ಗಳೇ. ಯಾರೋ ಹಿಂದೆ ಬಿಚ್ಚಿ ಜೋಡಿಸಿದಾಗ ಅವು ಕಳೆದುಹೋಗಿದ್ದರೆ ಕಂಪ್ಯೂಟರ್ ಯಂತ್ರದ ಮುಂದೆ ನಿಂತ ಹುಡುಗನಿಗೆ ಏನೂ ತೋಚದು.

ಹೊಸ ತಲೆಮಾರಿನ ಹಳೆಯ ಕಾರುಗಳು

ಎಂಎಕ್ಸ್-5ನಲ್ಲಿ ಕ್ಯಾಂಬರ್, ಕ್ಯಾಸ್ಟರ್ ಹೊಂದಿಸಲು ಮೊಟ್ಟೆಯಾಕಾರದ ಕ್ಯಾಮ್ ಇರುವ ಬೋಲ್ಟ್‌ಗಳಿವೆ. ಬಾಕ್ಸ್‌ಸ್ಟರ್‌ನ ಹಿಂಭಾಗದಲ್ಲೂ ಇಂಥವೇ. ಇಪ್ಪತ್ತು ವರ್ಷದಲ್ಲಿ ಈ ಬೋಲ್ಟ್ ಬುಷ್‌ನ ಒಳಗಿನ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಚೆನ್ನೈ, ಮಂಗಳೂರಿನ ಉಪ್ಪುಗಾಳಿಗೆ ಇನ್ನೂ ಬೇಗ. ಟೈರ್ ಅಂಗಡಿಯವರು ತಿರುಗಿಸಲು ನೋಡಿ, ಆಗದೆ, ಬರೀ ಟೋ ಹೊಂದಿಸಿ "ಆಯ್ತು ಸಾರ್" ಎನ್ನುವುದು ಇಂಥಲ್ಲೇ. ಹೋಗುವ ಹಿಂದಿನ ದಿನಗಳಲ್ಲಿ ತುಕ್ಕು ಬಿಡಿಸುವ ಎಣ್ಣೆ ಹಾಕಿಸಿ, ಬೋಲ್ಟ್ ಅಲುಗುತ್ತದೆಯೇ ಎಂದು ಮೊದಲೇ ನೋಡಿಸಿಕೊಳ್ಳಿ. ಅಲುಗದಿದ್ದರೆ ಕತ್ತರಿಸಿ ಬೋಲ್ಟ್, ಬುಷ್ ಎರಡನ್ನೂ ಹೊಸದು ಹಾಕಬೇಕಾಗುತ್ತದೆ. ಇದಕ್ಕೆ ಭಾಗಗಳು ವಿದೇಶದಿಂದ ಬರಬೇಕಾಗಬಹುದು, ಕಾರು ಬಿಚ್ಚುವ ಮೊದಲೇ ತರಿಸಿಟ್ಟುಕೊಂಡರೆ ಒಳ್ಳೆಯದು.

ಸಸ್ಪೆನ್ಷನ್ ಸ್ವಲ್ಪ ಆಚೀಚೆಯಾದರೆ ಏನಾದೀತು ಎನ್ನುವವರಿಗೆ ಆಡಿ ಟಿಟಿಯ ಉದಾಹರಣೆ ಇದೆ. 1998ರಲ್ಲಿ ಬಂದ ಆ ಕಾರು ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದಲ್ಲಿ ಹಿಡಿತ ತಪ್ಪಿದ ಅಪಘಾತಗಳಾದವು. ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಹಿಂದೆ ಸ್ಪಾಯ್ಲರ್ ಸೇರಿಸಿತು, ಸಸ್ಪೆನ್ಷನ್ ಬದಲಿಸಿತು, ಇಎಸ್‌ಪಿ ಒದಗಿಸಿತು. ಅವು ಹೊಚ್ಚಹೊಸ ಕಾರುಗಳಾಗಿದ್ದವು ಎಂಬುದು ನೆನಪಿರಲಿ.

ಕೊನೆಗೆ ಅಲೈನ್‌ಮೆಂಟ್: ಏನು ಕೇಳಬೇಕು?

ನಾಲ್ಕು ಚಕ್ರದ ಅಲೈನ್‌ಮೆಂಟ್ ಮಾಡುವ ಕಡೆಯೇ ಹೋಗಿ. ಕೆಲಸ ಶುರುವಾಗುವ ಮೊದಲು ಈಗಿನ ಅಂಕಿಗಳ ಪ್ರಿಂಟ್ ಕೇಳಿ. ಆಮೇಲೆ ಕಾರನ್ನು ಇಳಿಸಿ, ಎದುರಿನ ಹಂಪ್ ಹತ್ತಿಸಿ ಇಳಿಸಿ, ಎರಡು ಸಲ ಬ್ರೇಕ್ ಹಾಕಿ ತಂದು ಮತ್ತೊಮ್ಮೆ ಅಳೆಸಿ. ಏನನ್ನೂ ಮುಟ್ಟದೆಯೇ ಅಂಕಿಗಳು ಎದ್ದು ಕಾಣುವಷ್ಟು ಬದಲಾದರೆ ಎಲ್ಲೋ ಸಡಿಲವಿದೆ. ಅಲ್ಲಿಗೇ ನಿಲ್ಲಿಸಿ, ದುಡ್ಡು ಉಳಿಸಿ. ಅಂಗಡಿಯವರು ಗೊಣಗಬಹುದು, ಹೆಚ್ಚುವರಿ ಅಳತೆಗೆ ಹಣ ಕೊಡುತ್ತೇನೆ ಎಂದರೆ ಒಪ್ಪುತ್ತಾರೆ.

ಯಂತ್ರದಲ್ಲಿ ನಿಮ್ಮ ಕಾರಿನ ಸರಿಯಾದ ಮಾದರಿಯನ್ನೇ ಆಯ್ಕೆ ಮಾಡಿದ್ದಾರಾ ನೋಡಿ. ಸ್ಪೋರ್ಟ್ಸ್ ಸಸ್ಪೆನ್ಷನ್ ಇರುವ ಮಾದರಿಗೆ ಅಂಕಿಗಳು ಬೇರೆ. ಕೋನಗಳು ಡಿಗ್ರಿ ಮತ್ತು ಮಿನಿಟ್‌ಗಳಲ್ಲಿರುತ್ತವೆ, 60 ಮಿನಿಟ್‌ಗೆ ಒಂದು ಡಿಗ್ರಿ. 0 ಡಿಗ್ರಿ 30 ಮಿನಿಟ್ ಎಂದರೆ ಅರ್ಧ ಡಿಗ್ರಿ, 0.30 ಅಲ್ಲ. 15 ಇಂಚಿನ ರಿಮ್‌ಗೆ 1 ಮಿ.ಮೀ. ಟೋ ಎಂದರೆ ಸುಮಾರು 9 ಮಿನಿಟ್.

ಪ್ರಿಂಟ್‌ನಲ್ಲಿ ಎಸ್‌ಎಐ ಎಂಬ ಸಾಲೊಂದಿರುತ್ತದೆ, ಯಾರೂ ನೋಡುವುದಿಲ್ಲ. ಮುಂದಿನಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಎಷ್ಟು ಓರೆಯಾಗಿದೆ ಎಂಬ ಲೆಕ್ಕ ಅದು. ಅದಕ್ಕೆ ಕ್ಯಾಂಬರ್ ಕೂಡಿಸಿ, ನೆಗೆಟಿವ್ ಆಗಿದ್ದರೆ ಕಳೆಯಿರಿ. ಬಂದ ಮೊತ್ತ ಎಡಕ್ಕೂ ಬಲಕ್ಕೂ ಬೇರೆ ಬೇರೆಯಾದರೆ ಸ್ಟ್ರಟ್ ಅಥವಾ ಚಕ್ರ ಹಿಡಿಯುವ ನಕಲ್ ಬಾಗಿದೆ. ಮೊತ್ತ ಸಮನಾಗಿದ್ದೂ ಕ್ಯಾಂಬರ್ ಮಾತ್ರ ಬೇರೆಯಾದರೆ ಸಬ್‌ಫ್ರೇಮ್ ಸರಿದಿದೆ ಅಥವಾ ಬಾಡಿಯೇ ಬಾಗಿದೆ, ಅಂದರೆ ಕಾರಿಗೆ ಹಿಂದೆಂದೋ ದೊಡ್ಡ ಪೆಟ್ಟು ಬಿದ್ದಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಮಾರುವವರ ಮಾತಿಗಿಂತ ಈ ಒಂದು ಸಾಲು ಹೆಚ್ಚು ಹೇಳುತ್ತದೆ.

ಸ್ಟೀರಿಂಗ್ ಸೊಟ್ಟಗಿದೆ ಎಂದಾಗ ಸ್ಟೀರಿಂಗ್ ವೀಲ್ ಕಳಚಿ ನೇರ ಕೂರಿಸಿಕೊಡುವ ಕಳ್ಳದಾರಿ ಒಂದಿದೆ. ಹಾಗೆ ಮಾಡಿದ್ದಾರೆಯೇ ಎಂದು ತಿಳಿಯಲು ಎರಡೂ ಕಡೆಯ ಟೈ ರಾಡ್‌ಗಳಲ್ಲಿ ಹೊರಗೆ ಕಾಣುವ ಮರೆಗಳನ್ನು ಎಣಿಸಿ. ಎಡಬಲ ತೀರಾ ಬೇರೆ ಇದ್ದರೆ, ಅಥವಾ ಒಂದು ಕಡೆ ತಿರುಗಿದಾಗ ಇಂಡಿಕೇಟರ್ ಬೇಗ ಆರಿ ಇನ್ನೊಂದು ಕಡೆ ಆರದಿದ್ದರೆ ಅನುಮಾನ ಪಡಿ.

ಹೊಸ ಬುಷ್ ಹಾಕಿಸುವಾಗ ಒಂದು ಮಾತು ಒತ್ತಿ ಹೇಳಿ: ಬೋಲ್ಟ್‌ಗಳ ಕೊನೆಯ ಬಿಗಿತ ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಆಗಬೇಕು. ಚಕ್ರ ತೂಗಾಡುತ್ತಿರುವಾಗ ಬಿಗಿ ಮಾಡಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. "ಹೊಸ ಬುಷ್ ಆರೇ ತಿಂಗಳಿಗೆ ಹೋಯ್ತು, ಮಾಲೇ ಸರಿಯಿಲ್ಲ" ಎಂಬ ದೂರಿನ ಹಿಂದೆ ಇದೇ ಇರಬಹುದು.

ನೆರೆ ಕಂಡ ಕಾರುಗಳ ಬಗ್ಗೆ ಎಚ್ಚರ

2015ರ ಡಿಸೆಂಬರ್‌ನಲ್ಲಿ ಪೋರೂರು ಪಕ್ಕದ ಮುಗಲಿವಾಕ್ಕಂ, ಮಣಪಾಕ್ಕಂ ಭಾಗಗಳು ಮುಳುಗಿದ್ದವು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೂ ಚೆನ್ನೈನಲ್ಲಿ ಸಾಕಷ್ಟು ಕಾರುಗಳು ನೀರಲ್ಲಿ ನಿಂತವು. ನೀರಿಗೆ ಬಿದ್ದ ಕಾರಿನ ಸೀಟು, ಕಾರ್ಪೆಟ್ ಬದಲಿಸಿ ಹೊಳಪು ಕೊಡುವುದು ಸುಲಭ. ಆದರೆ ವೀಲ್ ಬೇರಿಂಗ್ ಒಳಗೆ, ಬಾಲ್ ಜಾಯಿಂಟ್‌ನ ರಬ್ಬರ್ ಟೋಪಿಯೊಳಗೆ, ಸ್ಟೀರಿಂಗ್ ರ‍್ಯಾಕ್‌ನ ಗಾಲೋಶದೊಳಗೆ ಸೇರಿದ ನೀರನ್ನು ಯಾರೂ ಒರೆಸುವುದಿಲ್ಲ. ನಂಬರ್ ಪ್ಲೇಟ್ ಯಾವ ರಾಜ್ಯದ್ದೇ ಇರಲಿ, ಅಗ್ಗಕ್ಕೆ ಸಿಕ್ಕಿತೆಂದು ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ ಮುಂಗಡ ಕೊಡಬೇಡಿ. ಲಿಫ್ಟ್ ಮೇಲೆ ಎತ್ತಿಸಿ, ಸ್ಟೀರಿಂಗ್ ರ‍್ಯಾಕ್‌ನ ಎರಡೂ ತುದಿಯ ಗಾಲೋಶ ಹಿಂಡಿ ನೋಡಿ. ಒಳಗೆ ನೀರು ಕುಲುಕಿದರೆ, ಅಥವಾ ತುಕ್ಕಿನ ಬಣ್ಣದ ಕೆಸರು ಹೊರಬಂದರೆ, ಬೆಲೆ ಎಷ್ಟೇ ಇಳಿಸಲಿ, ಕೀ ವಾಪಸ್ ಕೊಟ್ಟು ಬನ್ನಿ.